ಚಪ್ಪರದ ಮದುವೆ, ಛತ್ರದ ಮದುವೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಬಸ್ಸಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತವರನ್ನು ‘ಎಲ್ಲಿಗಮ್ಮ?’ ಎಂದು ಕೇಳಿದರೆ ‘ಮದುವೆಗೆ’ ಎಂಬ ಉತ್ತರ ಬರುವುದು ಕಡಿಮೆ. ‘ಚಪ್ಪರಕ್ಕೆ’ ಅನ್ನುತ್ತಾರೆ, ‘ಧಾರೆಗೆ’ ಅನ್ನುತ್ತಾರೆ, ಇಲ್ಲವೇ ‘ಬೀಗರೂಟಕ್ಕೆ’ ಅನ್ನುತ್ತಾರೆ. ಮೂರೂ ಬೇರೆ ಬೇರೆ ದಿನ, ಬೇರೆ ಬೇರೆ ನೆಂಟಸ್ತಿಕೆ, ಬೇರೆ ಬೇರೆ ಊಟ. ಮನೆ ಮುಂದಿನ ತೆಂಗಿನ ಗರಿಯ ಚಪ್ಪರ ಹೋಗಿ ಊರಾಚೆ ಕಲ್ಯಾಣ ಮಂಟಪ ಬಂದು ದಶಕಗಳಾದವು. ಮಾತಿನಲ್ಲಿ ಮಾತ್ರ ಚಪ್ಪರ ಇನ್ನೂ ನಿಂತಿದೆ.

ಮೈಸೂರು ಜಿಲ್ಲೆಯ ಪಡುವಣಕ್ಕಿರುವ ಈ ನಾಲ್ಕು ತಾಲ್ಲೂಕುಗಳನ್ನು ಇಲ್ಲಿ ಹಳೆಯ ಗಡಿಯಲ್ಲೇ ಹಿಡಿದಿದ್ದೇನೆ. ಈಗ ಕೆ.ಆರ್.ನಗರದಿಂದ ಸಾಲಿಗ್ರಾಮವೂ ಎಚ್.ಡಿ.ಕೋಟೆಯಿಂದ ಸರಗೂರೂ ಬೇರೆಯಾಗಿವೆ. ಒಕ್ಕಲಿಗರು, ಕುರುಬರು, ಲಿಂಗಾಯತರು, ನಾಯಕರು, ಉಪ್ಪಾರರು, ಪರಿಶಿಷ್ಟರು, ಮುಸ್ಲಿಮರು, ಬೆಟ್ಟದಪುರದ ಸಂಕೇತಿಗಳು, ಸಾಲಿಗ್ರಾಮದ ಜೈನರು, ನಾಗರಹೊಳೆ ಕಾಡಂಚಿನ ಜೇನುಕುರುಬರು, ಬೈಲುಕುಪ್ಪೆಯ ಟಿಬೆಟನ್ನರು ಎಲ್ಲರೂ ಒಂದೂವರೆ ಗಂಟೆ ಪ್ರಯಾಣದೊಳಗೆ ಸಿಗುವ ಸೀಮೆ ಇದು. ಎಲ್ಲರ ಮದುವೆಯನ್ನೂ ಒಂದೇ ಎಳೆಯಲ್ಲಿ ಹೇಳಲಾಗದು. ಬೇಸಾಯಗಾರ ಸಮುದಾಯಗಳ ಮದುವೆಗೆ ಮಾತ್ರ ಒಂದು ಸಮಾನ ಚೌಕಟ್ಟಿದೆ. ಈ ಬರಹದ ಹೆಚ್ಚು ಪಾಲು ಅದರದೇ.

ಪಂಚಾಂಗ ಮತ್ತು ಹೊಗೆಸೊಪ್ಪು

ಆಷಾಢದಲ್ಲಿ ಮದುವೆಯಿಲ್ಲ, ಧನುರ್ಮಾಸದಲ್ಲಿ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ. ಮಾಘ, ಫಾಲ್ಗುಣ, ವೈಶಾಖಗಳಲ್ಲಿ ಒಂದೇ ಮುಹೂರ್ತಕ್ಕೆ ನಾಲ್ಕು ಕಡೆ ಓಡಬೇಕು. ಇದು ಪಂಚಾಂಗದ ಮಾತಾಯಿತು. ಹುಣಸೂರು, ಪಿರಿಯಾಪಟ್ಟಣದ ಕಡೆ ಇನ್ನೊಂದು ಪಂಚಾಂಗವಿದೆ, ಅದು ಹೊಗೆಸೊಪ್ಪಿನದು. ಮುಂಗಾರಿಗೆ ನೆಟ್ಟ ಸೊಪ್ಪನ್ನು ಮುರಿದು, ಬ್ಯಾರನ್ ಎಂಬ ಹದ ಮಾಡುವ ಮನೆಯಲ್ಲಿ ಬೇಯಿಸಿ, ಬೇಲು ಕಟ್ಟಿ, ಕಟ್ಟೆಮಳಲವಾಡಿಗೋ ಕಂಪಲಾಪುರಕ್ಕೋ ಹರಾಜಿಗೆ ಸಾಗಿಸುವ ಹೊತ್ತಿಗೆ ವರ್ಷದ ಕೊನೆ ಹತ್ತಿರವಾಗುತ್ತದೆ. ಹೆಣ್ಣು ಒಪ್ಪಿಗೆಯಾದ ಮನೆಯಲ್ಲಿ ದಿನ ಕೇಳಿದರೆ ‘ಸೊಪ್ಪು ಹೋಗ್ಲಿ, ಆಮೇಲೆ ಕೂತ್ಕೊಂಡು ಮಾತಾಡೋಣ’ ಎಂಬ ಮಾತು ಬರುವುದು ಇದಕ್ಕೇ. ಕೆ.ಜಿ.ಗೆ ಸಿಕ್ಕ ದರ ಕೈಕೊಟ್ಟ ವರ್ಷ ಛತ್ರ ಚಿಕ್ಕದಾಗುತ್ತದೆ, ಇಲ್ಲವೇ ಮದುವೆಯೇ ಮುಂದಿನ ವರ್ಷಕ್ಕೆ ಹೋಗುತ್ತದೆ.

ಕಾವೇರಿಯ ನಾಲೆಗಳಿಂದ ಭತ್ತ ಬೆಳೆಯುವ ಕೆ.ಆರ್.ನಗರದ ಲೆಕ್ಕ ಬೇರೆ. ಅಲ್ಲಿ ಕಣ ಮುಗಿದು, ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆ ಕಳೆದರೆ ಮದುವೆ ಕಾಲ ಶುರು. ಜಾತ್ರೆಗೆ ಎತ್ತು ನೋಡಲು ಹೋದವರು ಬೀಗರನ್ನು ನೋಡಿಕೊಂಡು ಬಂದ ಕಥೆ ಆ ಕಡೆಯ ಹಿರಿಯರಲ್ಲಿ ಬೇಕಾದಷ್ಟಿದೆ.

ಹೆಣ್ಣು ನೋಡುವುದು, ವೀಳ್ಯ

ಮೊದಲು ಕೇಳುವುದು ಬೆಡಗು, ಅಂದರೆ ಕುಲದೊಳಗಿನ ಕವಲು. ಒಂದೇ ಬೆಡಗಿನ ಗಂಡು ಹೆಣ್ಣು ಅಣ್ಣ ತಂಗಿಯರ ಲೆಕ್ಕ, ಅಲ್ಲಿಗೆ ಮಾತು ಮುಗಿಯಿತು. ಬೆಡಗು ಬೇರೆಯಾದರೆ ಮುಂದಿನ ಪ್ರಶ್ನೆ ಮನೆದೇವರು. ಸೋದರಮಾವನ ಮಗಳು, ಸೋದರತ್ತೆಯ ಮಗಳು, ಅಕ್ಕನ ಮಗಳು ಇದ್ದರೆ ಹೊರಗೆ ಹುಡುಕುವ ಮಾತೇ ಹಿಂದೆ ಇರಲಿಲ್ಲ. ಅಕ್ಕನ ಮಗಳನ್ನು ಬಿಟ್ಟು ಬೇರೆ ಕಡೆ ಹೆಣ್ಣು ತಂದರೆ ಅಕ್ಕ ಮುನಿಸಿಕೊಂಡು ವರ್ಷಗಟ್ಟಲೆ ತವರಿಗೆ ಬರದಿದ್ದದ್ದೂ ಉಂಟು. 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ರಕ್ತಸಂಬಂಧದ ಮದುವೆಯನ್ನು ತಡೆದರೂ ರೂಢಿಯಲ್ಲಿದ್ದರೆ ಅಡ್ಡಿಯಿಲ್ಲವೆಂದಿತು. ಹಾಗಾಗಿ ಈ ಪದ್ಧತಿಗೆ ಕಾನೂನಿನ ತೊಡಕು ಬರಲಿಲ್ಲ. ಅದು ಕಡಿಮೆಯಾಗಿದ್ದು ಆಸ್ಪತ್ರೆಯ ಡಾಕ್ಟರ ಮಾತಿನಿಂದ, ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದರಿಂದ.

ಒಪ್ಪಿಗೆಯಾದ ಮೇಲೆ ವೀಳ್ಯಶಾಸ್ತ್ರ. ಎರಡೂ ಕಡೆಯ ಹಿರಿಯರು ಎದುರುಬದುರು ಕೂತು ಎಲೆ ಅಡಿಕೆ ತಟ್ಟೆ ಬದಲಾಯಿಸಿಕೊಂಡರೆ ಮಾತು ಕಟ್ಟಿದಂತೆ. ಊರ ಯಜಮಾನರ ಎದುರಿಗೆ, ಮನೆದೇವರ ಹೆಸರು ಹೇಳಿ ಹಿಡಿದ ಆ ವೀಳ್ಯಕ್ಕೆ ಈಗಿನ ಯಾವ ಕರಾರುಪತ್ರಕ್ಕೂ ಇಲ್ಲದ ಬಿಗಿ ಇತ್ತು. ಈಗ ಅದನ್ನೇ ‘ಎಂಗೇಜ್‌ಮೆಂಟ್’ ಎಂದು ಹಾಲ್ ಹಿಡಿದು, ಉಂಗುರ ತೊಡಿಸಿ, ಕೇಕ್ ಕತ್ತರಿಸಿ ಮಾಡುತ್ತಾರೆ. ಎಲೆ ಅಡಿಕೆ ತಟ್ಟೆ ಮಾತ್ರ ಕೇಕಿನ ಪಕ್ಕದಲ್ಲಿ ತಪ್ಪದೆ ಕೂತಿರುತ್ತದೆ.

ತೆರದಿಂದ ವರದಕ್ಷಿಣೆಗೆ

ಈ ಸೀಮೆಯ ಮದುವೆ ಚರಿತ್ರೆಯಲ್ಲಿ ತಲೆಕೆಳಗಾದ ಸಂಗತಿ ಒಂದಿದ್ದರೆ ಅದು ಹಣ ಹರಿಯುವ ದಿಕ್ಕು. ಬ್ರಾಹ್ಮಣೇತರ ಸಮುದಾಯಗಳ ಬಹುಪಾಲಿನಲ್ಲಿ ಹಿಂದೆ ಗಂಡಿನ ಮನೆಯವರೇ ಹೆಣ್ಣಿನ ತಂದೆಗೆ ‘ತೆರ’ ಕೊಡುತ್ತಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿ ಎಚ್.ವಿ.ನಂಜುಂಡಯ್ಯ ಶುರುಮಾಡಿ, ಅವರ ನಂತರ ಎಲ್.ಕೆ.ಅನಂತಕೃಷ್ಣ ಅಯ್ಯರ್ ಪೂರೈಸಿದ ಮೈಸೂರು ಸಂಸ್ಥಾನದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ (1928ರಿಂದ 1935) ಸಮುದಾಯದಿಂದ ಸಮುದಾಯಕ್ಕೆ ತೆರದ ವಿವರ ಬರುತ್ತದೆ. ಮನೆಯಲ್ಲಿ ದುಡಿಯುವ ಕೈಯೊಂದು ಕಳೆದುಹೋಗುತ್ತಿದೆ, ಅದಕ್ಕೆ ಪ್ರತಿಫಲ ಎನ್ನುವುದು ಅದರ ಹಿಂದಿನ ಲೆಕ್ಕ. ಕಳೆ ಕೀಳುವ, ನಾಟಿ ಹಾಕುವ, ರಾಗಿ ಬೀಸುವ ಕೈಗೆ ಆಗ ಬೆಲೆಯಿತ್ತು.

ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್.ಶ್ರೀನಿವಾಸ್ ಅವರ ಮೊದಲ ಪುಸ್ತಕ ಬಂದದ್ದು 1942ರಲ್ಲಿ, ಅದರ ವಿಷಯವೇ ಮೈಸೂರಿನ ಮದುವೆ ಮತ್ತು ಕುಟುಂಬ. ಮುಂದೆ 1984ರಲ್ಲಿ ವರದಕ್ಷಿಣೆಯ ಬಗ್ಗೆ ಬರೆಯುವಾಗ ಅವರು, ಈಗಿನ ವರದಕ್ಷಿಣೆ ಪುರಾತನ ಪದ್ಧತಿಯಲ್ಲ, ಹಣದ ಚಲಾವಣೆ, ಇಂಗ್ಲಿಷ್ ಓದು, ಸಂಬಳದ ನೌಕರಿ ಇವುಗಳ ಜೊತೆ ಬಂದದ್ದು ಎಂದರು. ನಮ್ಮ ಹಳ್ಳಿಗಳನ್ನು ನೋಡಿದವರಿಗೆ ಅದು ಸರಿಯೆನಿಸುತ್ತದೆ. ಹೊಲ ಉಳುವ ಗಂಡು ತೆರ ಕೊಟ್ಟ, ಅವನ ಮಗ ಮೇಷ್ಟ್ರಾಗಿ ಸೈಕಲ್ಲು, ವಾಚು ತೆಗೆದುಕೊಂಡ, ಮೊಮ್ಮಗ ಎಂಜಿನಿಯರಾಗಿ ಮೈಸೂರಿನಲ್ಲಿ ಸೈಟು ಕೇಳಿದ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಬಂದಾಗ ಈ ಸೀಮೆಯ ಎಷ್ಟೋ ಮನೆಗಳಿಗೆ ಆ ಪದವೇ ಹೊಸದಾಗಿತ್ತು.

ಹಾಲುಗಂಬ

ಮದುವೆಗೆ ಮೊದಲ ಕೆಲಸ ಕಂಬ ತರುವುದು. ಅತ್ತಿ, ಆಲ, ಬಸರಿ ಹೀಗೆ ಕಡಿದರೆ ಹಾಲು ಸುರಿಯುವ ಮರದ ಕೊಂಬೆಯೇ ಆಗಬೇಕು, ಅದಕ್ಕೇ ಹಾಲುಗಂಬ ಎಂಬ ಹೆಸರು. ತರಬೇಕಾದವನು ಸೋದರಮಾವ. ಮರಕ್ಕೆ ಪೂಜೆ ಮಾಡಿ, ಕೊಂಬೆ ನೆಲಕ್ಕೆ ತಾಗದಂತೆ ಇಳಿಸಿ, ವಾಲಗದ ಜೊತೆ ಮನೆಗೆ ತಂದರೆ ಮುತ್ತೈದೆಯರು ಕಾಲಿಗೆ ನೀರು ಹಾಕಿ ಬರಮಾಡಿಕೊಳ್ಳುತ್ತಾರೆ. ಗುಂಡಿಗೆ ಹಾಲು ತುಪ್ಪ ಬಿಟ್ಟು, ಕಾಸು ಹಾಕಿ, ಅರಿಶಿನದ ಬಟ್ಟೆಯಲ್ಲಿ ನವಧಾನ್ಯ ಕಟ್ಟಿ ನೆಡುವುದು ಕ್ರಮ. ಉಳಿದ ಕಂಬಗಳು ಯಾವ ಮರದ್ದಾದರೂ ಸರಿ. ಮೇಲೆ ತೆಂಗಿನ ಗರಿ, ಹೊಂಗೆ ಸೊಪ್ಪು, ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ. ಊರಿನ ಹುಡುಗರೆಲ್ಲ ಸೇರಿ ಒಂದು ಹಗಲಿನಲ್ಲಿ ಮುಗಿಸುವ ಈ ಕೆಲಸಕ್ಕೆ ಕೂಲಿಯಿಲ್ಲ, ಊಟವುಂಟು.

ಚಪ್ಪರದ ದಿನವೇ ಹೆಂಗಸರ ದಿನ. ಒರಳು ಒನಕೆಗೆ ಅರಿಶಿನದ ದಾರ ಕಟ್ಟಿ ಅರಿಶಿನ ಕುಟ್ಟುತ್ತಾರೆ, ಬೀಸುವ ಕಲ್ಲಿಗೆ ಪೂಜೆ ಮಾಡುತ್ತಾರೆ, ಚಿಗಳಿ ತಂಬಿಟ್ಟು ಕಟ್ಟುತ್ತಾರೆ. ಕುಂಬಾರರ ಮನೆಯಿಂದ ಸುಣ್ಣ, ಕೆಮ್ಮಣ್ಣಿನ ಗೆರೆ ಬರೆದ ಐರಾಣಿ ಮಡಕೆಗಳು ಬರುತ್ತವೆ. ಕಾವೇರಿಯೋ ಲಕ್ಷ್ಮಣತೀರ್ಥವೋ ಕಪಿಲೆಯೋ ಹತ್ತಿರವಿದ್ದ ಊರಿನವರು ಹೊಳೆಯಿಂದ, ಉಳಿದವರು ಬಾವಿಯಿಂದ ‘ಗಂಗೆ’ ತರುತ್ತಾರೆ. ಬಳೆಗಾರ ಜಗಲಿಯಲ್ಲಿ ಕೂತು ಮದುವಣಗಿತ್ತಿಯಿಂದ ಶುರುಮಾಡಿ ಕೇರಿಯ ಹೆಣ್ಣುಮಕ್ಕಳಿಗೆಲ್ಲ ಹಸಿರು ಗಾಜಿನ ಬಳೆ ತೊಡಿಸುತ್ತಾನೆ. ಇದೆಲ್ಲದರ ನಡುವೆ ಸೋಬಾನೆ ಪದ. ಎಣ್ಣೆ ಅರಿಶಿನ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಬೀಗರನ್ನು ಹೀಯಾಳಿಸುವಾಗ ಇನ್ನೊಂದು. ಬೀಗಿತ್ತಿಯ ಮೂಗು, ನಡಿಗೆ, ಜಿಪುಣತನ ಯಾವುದನ್ನೂ ಆ ಪದಗಳು ಬಿಡುತ್ತಿರಲಿಲ್ಲ, ಕೇಳಿದ ಬೀಗಿತ್ತಿ ಸಿಟ್ಟಾಗುವಂತೆಯೂ ಇರಲಿಲ್ಲ. ಓದು ಬರಹ ಬಾರದ ಹೆಂಗಸರ ಬಾಯಲ್ಲಿದ್ದ ಈ ಪದಗಳು ಸೌಂಡ್ ಬಾಕ್ಸ್ ಬಂದ ಮೇಲೆ ಮಂಕಾದವು. ಈ ಸೀಮೆಯ ಮದುವೆ ಕಳೆದುಕೊಂಡದ್ದರಲ್ಲಿ ಹೆಚ್ಚು ಬೆಲೆಯದು ಇದೇ ಎಂದು ನನ್ನ ಎಣಿಕೆ.

ಧಾರೆ

ಮುಹೂರ್ತವನ್ನು ಈ ಕಡೆ ಧಾರೆ ಎಂದೇ ಕರೆಯುತ್ತಾರೆ. ಗಂಡು ಹೆಣ್ಣಿನ ನಡುವೆ ತೆರೆ ಹಿಡಿದು, ಜೀರಿಗೆ ಬೆಲ್ಲ ಕೈಗಿತ್ತು, ತೆರೆ ಸರಿಸಿದಾಗ ಒಬ್ಬರ ತಲೆಯ ಮೇಲೊಬ್ಬರು ಹಾಕುವುದು ಮೊದಲು. ಆಮೇಲೆ ಹೆಣ್ಣಿನ ಕೈ ಗಂಡಿನ ಕೈ ಮೇಲಿಟ್ಟು, ಅದರ ಮೇಲೆ ತೆಂಗಿನಕಾಯಿ ಇಟ್ಟು ಹೆತ್ತವರು ಹಾಲೆರೆಯುತ್ತಾರೆ. ಶಾಸ್ತ್ರದ ಪ್ರಕಾರ ಹೆತ್ತವರು ಎರೆದರೆ ಸಾಕು. ಇಲ್ಲಿ ಹಾಗಲ್ಲ. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವ, ಪಕ್ಕದ ಮನೆಯವರು, ಜಮೀನಿನ ಪಕ್ಕದವರು ಎಲ್ಲರೂ ಸಾಲಾಗಿ ಬಂದು ಒಂದೊಂದು ಸೌಟು ಹಾಲು ಎರೆಯಬೇಕು. ಛತ್ರದಲ್ಲೂ ಈ ಸಾಲು ತಪ್ಪಿಲ್ಲ. ಕೈ ನೋಯುತ್ತಾ ಮದುಮಕ್ಕಳು ನಿಂತಿರುತ್ತಾರೆ, ಕೆಳಗಿಟ್ಟ ಪಾತ್ರೆ ತುಂಬುತ್ತಿರುತ್ತದೆ, ಫೋಟೊದವನು ಪ್ರತಿಯೊಬ್ಬರನ್ನೂ ‘ಇಲ್ನೋಡಿ ಸಾರ್’ ಅನ್ನುತ್ತಿರುತ್ತಾನೆ. ಒಂದು ಮನೆಯ ಕಾರ್ಯಕ್ಕೆ ಊರೆಲ್ಲ ಸಾಕ್ಷಿ ಹಾಕುವ ಬಗೆ ಇದು. ರಿಜಿಸ್ಟರಿನಲ್ಲಿ ಮೂವರ ಸಹಿ ಸಾಕು, ಇಲ್ಲಿ ಮುನ್ನೂರು ಜನರ ಹಾಲು ಬೇಕು.

ಗಟ್ಟಿಮೇಳಕ್ಕೆ ತಾಳಿ. ಎರಡು ಬೊಟ್ಟುಗಳಲ್ಲಿ ಒಂದು ತವರಿನದು, ಇನ್ನೊಂದು ಸೇರಿದ ಮನೆಯದು ಎನ್ನುತ್ತಾರೆ. ಬಾಸಿಂಗ, ಕಂಕಣ, ಕಾಲುಂಗುರ, ಅರುಂಧತಿ ದರ್ಶನ ಇವೆಲ್ಲ ಬೇರೆ ಕಡೆಯಂತೆಯೇ. ತಮ್ಮ ಕಡೆಯ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ, ಸಾಮಾನ್ಯವಾಗಿ ತಂಗಿಯೋ ಅಕ್ಕನೋ, ಕೊನೆಯವರೆಗೂ ಕದಲುವಂತಿಲ್ಲ. ಅವಳಿಗೆ ಸೀರೆ ಕೊಡದಿದ್ದರೆ ಜಗಳ ಖಚಿತ. ಲಿಂಗಾಯತರಲ್ಲಿ ಅಯ್ಯನವರು ಬಂದು ಐದು ಕಳಸದ ಎದುರು ಮದುವೆ ಮಾಡಿಸುತ್ತಾರೆ. ಮುಸ್ಲಿಮರಲ್ಲಿ ನಿಕಾಹ್‌ನ ಹೊತ್ತಿಗೆ ಗಂಡು ಹೆಣ್ಣಿಗೆ ಕೊಡುವ ಮಹರ್ ಗೊತ್ತಾಗಬೇಕು.

ಗಂಡನ ಮನೆಯ ಹೊಸ್ತಿಲಲ್ಲಿ ಇನ್ನೊಂದು ನಾಟಕ. ಗಂಡಿನ ಅಕ್ಕ ತಂಗಿಯರು ಬಾಗಿಲು ಅಡ್ಡಹಾಕಿ, ‘ನಿನಗೆ ಹುಟ್ಟೋ ಹೆಣ್ಣನ್ನ ನನ್ನ ಮಗನಿಗೆ ಕೊಡ್ತೀಯಾ?’ ಎಂದು ಕೇಳಿ, ಹ್ಞೂಂ ಅನ್ನಿಸಿಕೊಂಡೇ ದಾರಿ ಬಿಡುವುದು. ಸೋದರ ಸಂಬಂಧದ ಮದುವೆ ಹೆಚ್ಚಾಗಿದ್ದಾಗ ಅದು ನಿಜವಾದ ಕರಾರು, ಈಗ ಬರೀ ನಗೆ. ಆಮೇಲೆ ಸೊಸೆ ಬಲಗಾಲಿನಲ್ಲಿ ಸೇರು ಒದ್ದು ಒಳಗೆ ಬರುತ್ತಾಳೆ. ತವರಿನವರು ತುಂಬಿದ ಮಡಿಲಕ್ಕಿ, ಅದರೊಳಗಿನ ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬು ಅವಳ ಸೆರಗಿನಲ್ಲಿರುತ್ತದೆ. ಇಂಥದೇ ಆಶಯದ ಪ್ಯೇಬೆಕ್ ಎಂಬ ಶಾಸ್ತ್ರ ಕೊರಿಯಾ ದೇಶದ ಮದುವೆಯಲ್ಲೂ ಇದೆ. ಅತ್ತೆ ಮಾವ ಎಸೆದ ಖರ್ಜೂರದಂಥ ಹಣ್ಣು ಮತ್ತು ಚೆಸ್ಟ್‌ನಟ್ ಬೀಜಗಳನ್ನು ಮದುಮಕ್ಕಳು ಬಟ್ಟೆ ಹರವಿ ಹಿಡಿಯುತ್ತಾರೆ, ಎಷ್ಟು ಬಿದ್ದವೋ ಅಷ್ಟು ಮಕ್ಕಳು ಎಂಬ ನಂಬಿಕೆ. ಸಮುದ್ರದಾಚೆಗೂ ಮಡಿಲು ತುಂಬುವುದಕ್ಕೆ ಅರ್ಥ ಒಂದೇ.

ಯಾರ ಕೆಲಸ ಯಾರದು

ಮಡಿವಾಳರು ಮದುಮಕ್ಕಳು ನಡೆಯುವ ದಾರಿಗೆ ಮಡಿ ಹಾಸುತ್ತಿದ್ದರು, ಚಪ್ಪರಕ್ಕೆ ಮೇಲ್ಗಟ್ಟು ಕಟ್ಟುತ್ತಿದ್ದರು, ಮೆರವಣಿಗೆಗೆ ಪಂಜು ಹಿಡಿಯುತ್ತಿದ್ದರು. ಕ್ಷೌರಿಕರು ಉಗುರು ತೆಗೆಯುತ್ತಿದ್ದರು, ಎಷ್ಟೋ ಕಡೆ ವಾಲಗವೂ ಅವರದೇ. ಅಕ್ಕಸಾಲಿ ತಾಳಿ ತರುತ್ತಿದ್ದ, ಬಡಗಿ ಹಸೆಮಣೆ ತರುತ್ತಿದ್ದ, ತಮಟೆ ಹೊಲಗೇರಿಯಿಂದ ಬರುತ್ತಿತ್ತು. ಪ್ರತಿಯೊಬ್ಬರಿಗೂ ಇಂತಿಷ್ಟು ಅಕ್ಕಿ, ಕಾಯಿ, ಎಲೆ ಅಡಿಕೆ, ಬಟ್ಟೆ.

ಇದನ್ನು ‘ಊರೊಟ್ಟಿನ ಸಂಸ್ಕೃತಿ’ ಎಂದು ಹೊಗಳುವವರು ಪಂಕ್ತಿಯ ವಿಷಯವನ್ನು ಮರೆಯುತ್ತಾರೆ. ತಮಟೆ ಬಾರಿಸಿದವನ ಊಟ ಚಪ್ಪರದ ಹೊರಗೆ, ಎಲ್ಲರದೂ ಮುಗಿದ ಮೇಲೆ. ಅವನ ಮನೆಯ ಮದುವೆಗೆ ವಾಲಗದವರೂ ಮಡಿ ಹಾಸುವವರೂ ಬರುತ್ತಿರಲಿಲ್ಲ. ಛತ್ರ ಬಂದು ಈ ಪಾಲುಗಳೆಲ್ಲ ಕಂತ್ರಾಟಾದಾಗ ಹಳ್ಳಿಯ ಒಂದು ನಂಟು ಕಳಚಿತು, ನಿಜ. ಅದರ ಜೊತೆಗೇ ಕೆಲವರ ಹೆಗಲ ಮೇಲಿನ ಬಿಟ್ಟಿಯೂ ಇಳಿಯಿತು. ದುಡ್ಡು ಕೊಟ್ಟವರಿಗೆ ಛತ್ರದ ಬಾಗಿಲು ತೆರೆಯುತ್ತದೆ.

ಬೀಗರೂಟ

ಧಾರೆಯ ದಿನ ಸಪ್ಪೆ ಊಟ: ಕೋಸಂಬರಿ, ಪಲ್ಯ, ಪಾಯಸ, ಒಬ್ಬಟ್ಟು, ಅನ್ನ ಸಾರು, ಹಪ್ಪಳ. ಮಾಂಸ ತಿನ್ನುವ ಸಮುದಾಯಗಳಲ್ಲಿ ಗಂಡಸರ ಮನಸ್ಸೆಲ್ಲ ಎರಡು ಮೂರು ದಿನದ ನಂತರದ ಬೀಗರೂಟದ ಮೇಲೆ. ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆದು ಬಾಡೂಟ ಹಾಕುವುದು ಇದರ ಮೂಲ. ಮದುವೆಯ ಲಗ್ನಪತ್ರಿಕೆಯಲ್ಲೇ ‘ಬೀಗರ ಔತಣಕೂಟ’ ಎಂದು ಬೇರೆ ಸಾಲು ಇರುತ್ತದೆ. ಧಾರೆಗೆ ಬರಲಾಗದವರು ಕ್ಷಮಿಸಿ ಎನ್ನಬಹುದು, ಬೀಗರೂಟಕ್ಕೆ ಬರದಿದ್ದರೆ ಕಾರಣ ಕೊಡಬೇಕು.

ಎಲೆಯ ಮೇಲೆ ರಾಗಿಮುದ್ದೆ, ಮಟನ್ ಸಾರು, ಬೋಟಿಗೊಜ್ಜು, ತಲೆಮಾಂಸ, ಕೈಮ ಉಂಡೆ, ಚಾಪ್ಸು, ಮೊಟ್ಟೆ, ಬಿರಿಯಾನಿ, ಕೊನೆಗೆ ಅನ್ನ ತಿಳಿಸಾರು, ಬಾಳೆಹಣ್ಣು, ಬೀಡ. ಹಿಂದೆ ಊರಿನ ನಾಲ್ಕು ಜನ ಅನುಭವಸ್ಥರೇ ಕುರಿ ಆರಿಸಿ, ಕೊಯ್ದು, ಖಾರ ಅರೆಸಿ, ಸೌದೆ ಒಲೆಯ ಮೇಲೆ ಬೇಯಿಸುತ್ತಿದ್ದರು. ಈಗ ಬಾಡೂಟದ ಭಟ್ಟರ ತಂಡಗಳಿವೆ, ಎಲೆಗಿಷ್ಟು ಎಂಬ ಲೆಕ್ಕ. ಶಾಮಿಯಾನ ಹಾಕಿದ ಹೊಲದಲ್ಲಿ ಸಾವಿರ ಎಲೆಗೆ ಬಡಿಸುವ ಭರಾಟೆ ನೋಡಿದರೆ, ಮದುವೆಯ ಖರ್ಚಿನಲ್ಲಿ ತಾಳಿಗಿಂತ ಕುರಿಯದೇ ಭಾರ ಎಂದು ಹೆಣ್ಣಿನ ಅಪ್ಪನಲ್ಲ, ಗಂಡಿನ ಅಪ್ಪ ನಿಟ್ಟುಸಿರು ಬಿಡುವುದು ಅರ್ಥವಾಗುತ್ತದೆ.

ಮುಯ್ಯಿ ಪುಸ್ತಕ

ಛತ್ರದ ಬಾಗಿಲ ಹತ್ತಿರವೋ ಬೀಗರೂಟದ ಶಾಮಿಯಾನದ ಮೂಲೆಯಲ್ಲೋ ಒಂದು ಮೇಜು, ಅದರ ಹಿಂದೆ ಇಬ್ಬರು. ಒಬ್ಬ ಹಣ ಎಣಿಸುತ್ತಾನೆ, ಇನ್ನೊಬ್ಬ ಉದ್ದನೆಯ ನೋಟ್‌ಬುಕ್ಕಿನಲ್ಲಿ ಊರು, ಹೆಸರು, ಮೊತ್ತ ಬರೆಯುತ್ತಾನೆ. ಇದು ಮುಯ್ಯಿ. ಇಬ್ಬರೂ ನಂಬಿಕಸ್ತರಾಗಿರಬೇಕು, ಅಕ್ಷರ ಚೆನ್ನಾಗಿರಬೇಕು, ಊರ ಜನರ ಮುಖ ಪರಿಚಯವಿರಬೇಕು. ಹಿಂದೆ ಮುಯ್ಯಿ ‘ಓದಿಸುತ್ತಿದ್ದರು’. ಇಂಥ ಊರಿನ ಇಂಥವರು ಇಷ್ಟು ರೂಪಾಯಿ ಎಂದು ಗಟ್ಟಿಯಾಗಿ ಕೂಗಿ ಹೇಳುವುದು. ನೂರೊಂದು, ಐನೂರೊಂದು, ಸಾವಿರದ ಒಂದು. ಸೊನ್ನೆಯಲ್ಲಿ ನಿಲ್ಲಿಸುವಂತಿಲ್ಲ, ಮುಂದುವರಿಯಲಿ ಎಂದು ಒಂದು ರೂಪಾಯಿ.

ಮುಯ್ಯಿ ಉಡುಗೊರೆಯಲ್ಲ, ಬಡ್ಡಿಯಿಲ್ಲದ ಸಾಲ. ನಿನ್ನ ಮಗಳ ಮದುವೆಗೆ ನಾನು ಐನೂರೊಂದು ಹಾಕಿದ್ದರೆ, ನನ್ನ ಮಗನ ಮದುವೆಗೆ ನೀನು ಅಷ್ಟಕ್ಕಿಂತ ಒಂದಿಷ್ಟು ಹೆಚ್ಚು ಹಾಕಬೇಕು. ಹಾಗಾಗಿ ಮದುವೆಗೆ ಹೊರಡುವ ಮುಂಚೆ ಟ್ರಂಕಿನಲ್ಲಿ ಕಟ್ಟಿಟ್ಟ ಹಳೆಯ ಪುಸ್ತಕ ಹೊರಗೆ ಬರುತ್ತದೆ. ಬ್ಯಾಂಕು ದೂರವಿದ್ದ ಕಾಲದಲ್ಲಿ ಒಬ್ಬ ರೈತ ಒಂದು ದಿನದಲ್ಲಿ ಅಷ್ಟು ದೊಡ್ಡ ಖರ್ಚನ್ನು ನಿಭಾಯಿಸಿದ್ದೇ ಈ ಪುಸ್ತಕದ ಬಲದಿಂದ. ಅಣ್ಣ ತಮ್ಮಂದಿರು ಬೇರೆಯಾದಾಗ ಜಮೀನು, ದನದ ಜೊತೆ ಮುಯ್ಯಿಯೂ ಪಾಲಾಗುತ್ತದೆ: ಯಾರಿಗೆ ಹಿಂದಿರುಗಿಸುವ ಹೊಣೆ ಯಾರದು ಎಂಬ ಪಾಲು. ಕನ್ನಡದಲ್ಲಿ ‘ಮುಯ್ಯಿ ತೀರಿಸು’ ಎಂದರೆ ಉಪಕಾರ ತೀರಿಸುವುದೂ ಹೌದು, ಸೇಡು ತೀರಿಸುವುದೂ ಹೌದು. ತಪ್ಪಿದ ಮುಯ್ಯಿಯಿಂದ ಮಾತು ಬಿಟ್ಟ ಮನೆಗಳನ್ನು ಕಂಡವರಿಗೆ ಆ ಎರಡರ್ಥ ವಿಚಿತ್ರವೆನಿಸದು.

ಕೊರಿಯನ್ ಧಾರಾವಾಹಿ ನೋಡುವ ನಮ್ಮ ಕಾಲೇಜು ಹುಡುಗಿಯರು ಇದನ್ನು ಅಲ್ಲೂ ಕಂಡಿರಬೇಕು. ಸಿಯೋಲ್ ನಗರದ ಮದುವೆ ಮಂಟಪದ ಬಾಗಿಲಲ್ಲೂ ಗಂಡಿನ ಕಡೆ ಒಂದು, ಹೆಣ್ಣಿನ ಕಡೆ ಒಂದು ಮೇಜು. ಬಿಳಿ ಲಕೋಟೆಯಲ್ಲಿ ಹಣ, ಪುಸ್ತಕದಲ್ಲಿ ಹೆಸರು, ಪ್ರತಿಯಾಗಿ ಊಟದ ಚೀಟಿ. ಅಲ್ಲೂ ಮೂರು, ಐದು, ಏಳು ಎಂಬ ಬೆಸ ಲೆಕ್ಕವೇ ಶುಭ, ಅಲ್ಲೂ ಹಿಂದಿನ ಪಟ್ಟಿ ನೋಡಿಕೊಂಡೇ ಲಕೋಟೆ ತುಂಬುವುದು. ನಮ್ಮ ಲಗ್ನಪತ್ರಿಕೆಗಳಲ್ಲಿ ಈಗ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗುತ್ತದೆ. ಅಚ್ಚು ಮಾಡಿಸಿದವರ ಮನೆಯಲ್ಲೂ ಆ ಮೇಜು ಇರುವುದನ್ನು, ಇತ್ತೀಚೆಗೆ ಅದರ ಮೇಲೆ ಫೋನ್‌ಪೇ ಫಲಕವೂ ಕೂತಿರುವುದನ್ನು ನೋಡಿದ್ದೇನೆ.

ಹಾಡಿ, ಪಕ್ಷಿರಾಜಪುರ, ಬೈಲುಕುಪ್ಪೆ

ಜೇನುಕುರುಬರ ಹಾಡಿಗಳಲ್ಲಿ ಚಪ್ಪರಕ್ಕೂ ಮುಹೂರ್ತಕ್ಕೂ ಅಷ್ಟು ಬೆಲೆಯಿರಲಿಲ್ಲ. ಒಪ್ಪಿದ ಗಂಡು ಹೆಣ್ಣು ಹೇಳದೆ ಕಾಡು ಸೇರುವುದು, ಕೆಲವು ದಿನ ಕಳೆದು ಹಿಂದಿರುಗುವುದು, ಹಾಡಿಯ ಯಜಮಾನ ಹಿರಿಯರನ್ನು ಕೂರಿಸಿ ಇಬ್ಬರನ್ನೂ ಒಪ್ಪಿಸಿಕೊಳ್ಳುವುದು, ಮದುವೆ ಆದಂತೆ. ಹೊರಗಿನವರು ‘ಓಡಿಹೋದರು’ ಎನ್ನುವುದನ್ನು ಅವರು ಮದುವೆಯ ಮೊದಲ ಶಾಸ್ತ್ರವಾಗಿ ಕಂಡರು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಗಿ ಎಷ್ಟೋ ಹಾಡಿಗಳು ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಬಂದ ಮೇಲೆ ಹೋಗಿ ಅಡಗಲು ಆ ಕಾಡೇ ಕೈಗೆಟುಕದಾಯಿತು. ಈಗ ಅಲ್ಲೂ ಲಗ್ನಪತ್ರಿಕೆ, ಶಾಮಿಯಾನ, ಅದರ ಹಿಂದೆ ಸಾಲ.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಹಕ್ಕಿಪಿಕ್ಕಿಗಳ ಊರು. ಮನೆಯಲ್ಲಿ ಗುಜರಾತಿಗೆ ಹತ್ತಿರದ ವಾಗ್ರಿ ನುಡಿ, ಕೈಯಲ್ಲಿ ಗಿಡಮೂಲಿಕೆಯ ಕೇಶತೈಲ, ವ್ಯಾಪಾರಕ್ಕೆ ಆಫ್ರಿಕಾ. 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಕೊಂಡ ಕನ್ನಡಿಗರೆಂದು ಸುದ್ದಿಯಾದವರಲ್ಲಿ ಇವರೂ ಇದ್ದರು. ಇಲ್ಲಿ ಗಂಡೇ ಹೆಣ್ಣಿಗೆ ತೆರ ಕೊಡುವ ಪದ್ಧತಿ. ಸುತ್ತಲಿನ ಊರುಗಳಲ್ಲೆಲ್ಲ ಹಣದ ದಿಕ್ಕು ತಿರುಗಿದರೂ ‘ಹಿಂದುಳಿದವರು’ ಅನ್ನಿಸಿಕೊಂಡ ಈ ಊರು ಹಳೆಯ ಲೆಕ್ಕವನ್ನು ಬಿಡಲಿಲ್ಲ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ಟಿಬೆಟನ್ ನಿರಾಶ್ರಿತರು ಬಂದದ್ದು 1960ರ ದಶಕದ ಆರಂಭದಲ್ಲಿ. ಹುಣಸೂರು ತಾಲ್ಲೂಕಿನ ಗುರುಪುರದ ನೆಲೆ 1972ರದು. ಅವರ ಮದುವೆಯಲ್ಲಿ ದಿನ ನೋಡುವುದು ಅವರ ಜ್ಯೋತಿಷಿ. ಬಂದವರೆಲ್ಲ ಮದುಮಕ್ಕಳ ಕೊರಳಿಗೆ ಖತಾ ಎಂಬ ಬಿಳಿ ವಸ್ತ್ರ ಹಾಕುತ್ತಾರೆ, ಸಂಜೆಯ ಹೊತ್ತಿಗೆ ಮುಖ ಕಾಣದಷ್ಟು ರಾಶಿ. ಐದು ಬಣ್ಣದ ರೇಷ್ಮೆ ಕಟ್ಟಿದ ಬಾಣವನ್ನು ಹೆಣ್ಣಿನ ಬೆನ್ನಿಗೆ ಸಿಕ್ಕಿಸಿ ‘ಇವಳು ನಮ್ಮ ಮನೆಯವಳು’ ಎಂದು ತೋರುವುದು ಹಳೆಯ ಕ್ರಮ. ಅಣ್ಣ ತಮ್ಮಂದಿರು ಒಬ್ಬಳನ್ನೇ ಮದುವೆಯಾಗುವ ಟಿಬೆಟಿನ ಪದ್ಧತಿ ಜಮೀನು ಪಾಲಾಗದಿರಲೆಂದು ಹುಟ್ಟಿದ್ದು. ಜಮೀನು ಬಿಟ್ಟು ಬಂದ ಮೇಲೆ ಅದಕ್ಕೆ ಇಲ್ಲಿ ಅರ್ಥವೇ ಉಳಿಯಲಿಲ್ಲ.

ಛತ್ರ ಬಂದ ಮೇಲೆ

ಛತ್ರಕ್ಕೆ ಹೋದ ಮದುವೆ ಐದು ದಿನದಿಂದ ಒಂದೂವರೆ ದಿನಕ್ಕೆ ಇಳಿಯಿತು: ಹಿಂದಿನ ಸಂಜೆ ವರಪೂಜೆ, ಆರತಕ್ಷತೆ, ಬೆಳಗ್ಗೆ ಧಾರೆ, ಮಧ್ಯಾಹ್ನ ಕೀಲಿ ವಾಪಸು. ಆರತಕ್ಷತೆ ಧಾರೆಗಿಂತ ಮುಂಚೆ ನಡೆಯುವುದರಿಂದ ಮದುವೆಯಾಗದ ಜೋಡಿಯನ್ನು ಸೋಫಾದ ಮೇಲೆ ಕೂರಿಸಿ ಊರೆಲ್ಲ ಹರಸುವ ವಿಚಿತ್ರ ರೂಢಿಯಾಗಿದೆ. ಹಾಲುಗಂಬದ ಒಂದು ಗೇಣು ಕಡ್ಡಿ ಸ್ಟೀಲ್ ಕಂಬಕ್ಕೆ ದಾರದಲ್ಲಿ ಕಟ್ಟಿಸಿಕೊಂಡಿರುತ್ತದೆ. ಸೋದರಮಾವ ಅದನ್ನು ಬೈಕಿನಲ್ಲಿ ತಂದಿರುತ್ತಾನೆ. ಮದುವೆಗೆ ಮೊದಲಿನ ಫೋಟೊಗಳಿಗಾಗಿ ಜೋಡಿಗಳು ಕಬಿನಿ ಹಿನ್ನೀರಿಗೂ ಚುಂಚನಕಟ್ಟೆಗೂ ಹೋಗುತ್ತವೆ, ತಲೆಯ ಮೇಲೆ ಡ್ರೋನ್ ಗುಂಯ್ ಅನ್ನುತ್ತದೆ.

2020ರಲ್ಲಿ ಕೊರೊನಾ ಬಂದು ಐವತ್ತೇ ಜನ ಎಂಬ ನಿಯಮವಾದಾಗ ಮದುವೆಗಳು ಮತ್ತೆ ಮನೆ ಮುಂದಕ್ಕೆ ಬಂದವು. ಗರಿ ಹೆಣೆಯಲು ಬರುವವರನ್ನು ಊರಲ್ಲಿ ಹುಡುಕಬೇಕಾಯಿತು. ಖರ್ಚು ಎಷ್ಟು ಕಡಿಮೆಯಾಗುತ್ತದೆಂದು ಎಲ್ಲರಿಗೂ ತಿಳಿಯಿತು, ನಿಯಮ ಸಡಿಲವಾದ ಮಾರನೆಯ ವರ್ಷವೇ ಎಲ್ಲರೂ ಮರೆತರು.

ಕಾನೂನು, ಸರಳ ಮದುವೆ

ಬಾಲ್ಯವಿವಾಹದ ವಿಚಾರದಲ್ಲಿ ಮೈಸೂರು ಸಂಸ್ಥಾನ ಬೇಗ ಎಚ್ಚೆತ್ತಿತ್ತು. 1894ರ ಕಟ್ಟಳೆ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಎಂಟು ಎಂಬ ಅಂಕಿ ಇಂದು ಬೆಚ್ಚಿಬೀಳಿಸುತ್ತದೆ, ಅಂದು ಅದಕ್ಕೂ ವಿರೋಧವಿತ್ತು. ಈಗ ಹೆಣ್ಣಿಗೆ 18, ಗಂಡಿಗೆ 21. ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ.

ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ ಮದುವೆಗೆ ಕನ್ನಡದಲ್ಲಿ ಒಂದು ಹೆಸರಿದೆ: ಮಂತ್ರಮಾಂಗಲ್ಯ. ಕುವೆಂಪು ರೂಪಿಸಿದ್ದು, 1966ರಲ್ಲಿ ಮಗ ತೇಜಸ್ವಿಯವರ ಮದುವೆಯಲ್ಲೇ ನಡೆಸಿ ತೋರಿಸಿದ್ದು. ಮೈಸೂರು ಹತ್ತಿರವಿದ್ದುದರಿಂದ ಈ ತಾಲ್ಲೂಕುಗಳ ಮೇಷ್ಟ್ರುಗಳು, ರೈತಸಂಘ ಮತ್ತು ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರಲ್ಲಿ ಕೆಲವರು ಆ ದಾರಿ ಹಿಡಿದರು. ಬಡವರ ಮನೆಗಳು ಹೆಚ್ಚು ನೆಚ್ಚಿದ್ದು ಸುತ್ತೂರು ಜಾತ್ರೆಯ ಸಾಮೂಹಿಕ ಮದುವೆಯನ್ನು. ಎಲ್ಲ ಜಾತಿಯ ಜೋಡಿಗಳು ಒಂದೇ ವೇದಿಕೆಯಲ್ಲಿ ಕೂರುವ ಅಲ್ಲಿ ಹಾಲುಗಂಬ ಯಾರದೆಂದು ಯಾರೂ ಕೇಳುವುದಿಲ್ಲ.

ಹೆಣ್ಣು ಸಿಗದ ಕಾಲ

2022ರ ನವೆಂಬರ್‌ನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ಒಕ್ಕಲಿಗರ ವಧೂವರ ಸಮಾವೇಶಕ್ಕೆ ಹತ್ತು ಸಾವಿರ ದಾಟಿ ಗಂಡುಗಳ ಹೆಸರು ಬಂದಿತ್ತು, ಹೆಣ್ಣುಗಳದ್ದು ಸುಮಾರು 250 ಎಂದು ಪತ್ರಿಕೆಗಳು ಬರೆದವು. ಮರುವರ್ಷ ಮಂಡ್ಯದ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದರು. ನಮ್ಮ ನಾಲ್ಕು ತಾಲ್ಲೂಕುಗಳ ಕಥೆ ಬೇರೆಯಲ್ಲ. ಹತ್ತೆಕರೆ, ಬ್ಯಾರನ್, ಟ್ರ್ಯಾಕ್ಟರ್ ಇದ್ದರೂ ‘ಬೆಂಗಳೂರಲ್ಲಿ ಕೆಲಸ ಇದ್ಯಾ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ದಕ್ಷಿಣ ಕೊರಿಯಾದ ಹಳ್ಳಿಗಳಿಗೂ ಇದೇ ಗತಿಯಾಗಿ, ಅಲ್ಲಿನ ರೈತ ಹುಡುಗರು ವಿಯೆಟ್ನಾಮಿನಿಂದ ಹೆಣ್ಣು ತಂದರು. ಇಲ್ಲಿನ ದಲ್ಲಾಳಿಗಳು ಸದ್ಯಕ್ಕೆ ಜಿಲ್ಲೆಯ ಗಡಿ ದಾಟಿದ್ದಾರೆ. ಮದುವೆ ಖರ್ಚೆಲ್ಲ ತಾವೇ ಹಾಕಿಕೊಂಡು, ಹೆಣ್ಣಿಗೆ ಒಡವೆಯನ್ನೂ ತಾವೇ ಮಾಡಿಸುವ ಗಂಡಿನ ಮನೆಗಳು ಕಾಣತೊಡಗಿವೆ. ತೆರ ಎಂಬ ಪದವನ್ನು ಯಾರೂ ಬಳಸುವುದಿಲ್ಲ, ಅಷ್ಟೆ.

ಮೊದಲ ಆಷಾಢ

ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗಬೇಕು, ಅತ್ತೆ ಸೊಸೆ ಆ ತಿಂಗಳು ಒಂದೇ ಬಾಗಿಲಲ್ಲಿ ಓಡಾಡಬಾರದು. ಸೊಪ್ಪಿನ ಕೆಲಸ ಬಿರುಸಾಗಿರುವ ತಿಂಗಳದು, ದುಡಿಯುವ ಕೈ ಬಿಟ್ಟುಕೊಡಲು ಗಂಡನ ಮನೆಗೆ ಮನಸ್ಸಿರುವುದಿಲ್ಲ. ಆದರೂ ಕಳಿಸುತ್ತಾರೆ. ಭೀಮನ ಅಮಾವಾಸ್ಯೆಗೆ ಅಳಿಯ ಅಲ್ಲಿಗೇ ಹೋಗಿ ಪಾದಪೂಜೆ ಮಾಡಿಸಿಕೊಂಡು, ಹೋಳಿಗೆ ಉಂಡು, ಶ್ರಾವಣಕ್ಕೆ ಹೆಂಡತಿಯನ್ನು ಕರೆತರುತ್ತಾನೆ. ಗೌರಿ ಹಬ್ಬಕ್ಕೆ ಮೊರದ ಬಾಗಿನ ಬರುತ್ತದೆ. ಈಗ ಇಬ್ಬರೂ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ಅತ್ತೆ ಹುಣಸೂರಿನಲ್ಲಿದ್ದರೂ, ಆಷಾಢ ಹುಟ್ಟಿದ ದಿನ ಅತ್ತೆ ಫೋನ್ ಮಾಡಿ ಕೇಳುತ್ತಾಳೆ: ‘ಹೊರಟೇನವ್ವ ತವರಿಗೆ?’